ಅಜ್ಜನ ಕಪಾಟಿಗೆ ಹೊಸ ಬಣ್ಣ: ಉಳಿಸಿದಂತೋ, ಕೆಡಿಸಿದಂತೋ?

(ಉಪನ್ಯಾಸವೊಂದರ ಬರಹ ರೂಪ)



ಹಳೆಯ ಮನೆಯೊಂದು ಪಾಲಾಗುವಾಗ ಹೊಲ, ತೋಟ, ಬಂಗಾರಗಳ ಲೆಕ್ಕ ಹೇಗೋ ಮುಗಿಯುತ್ತದೆ. ಜಗಳವಾದರೂ ಅವುಗಳಿಗೊಂದು ಬೆಲೆ ಇದೆ. ಯಾರ ಪಾಲಿಗೂ ಬಾರದೆ ಉಳಿಯುವುದು ಅಟ್ಟದ ಮೇಲಿನ ಪೆಟಾರಿ, ಪಡಸಾಲೆಯ ತೂಗುಮಂಚ, ಕಾಲು ಅಲುಗಾಡುವ ಆರಾಮಕುರ್ಚಿ, ಮೂಲೆಯಲ್ಲಿ ಕಪ್ಪಾಗಿ ನಿಂತ ಕಪಾಟು. ನಗರದ ಎರಡು ಕೋಣೆಯ ಮನೆಗೆ ಅವನ್ನು ಒಯ್ಯುವುದು ಕಷ್ಟ. ಬಿಟ್ಟುಬರಲು ಮನಸ್ಸಿಲ್ಲ. ಒಯ್ದರೂ, ಹೊಸ ಗೋಡೆಯ ಪಕ್ಕದಲ್ಲಿ ಆ ಕಪ್ಪು ಕಪಾಟು ಹೊಂದಿಕೊಳ್ಳುವುದಿಲ್ಲ. ಆಗ ಮನೆಯಲ್ಲಿ ಯಾರೋ ಒಬ್ಬರು ಹೇಳುತ್ತಾರೆ: ‘ಒಂದು ಕೈ ಬಣ್ಣ ಹೊಡೆದರೆ ಹೊಸದಾಗಿ ಕಾಣುತ್ತದೆ.’

ವಾದ ಶುರುವಾಗುವುದೇ ಇಲ್ಲಿಂದ. ಸಾಗುವಾನಿ ಮರಕ್ಕೆ ಬಣ್ಣ ಬಳಿಯುವುದೆಂದರೆ ಪಾಪ ಎನ್ನುವ ಹಿರಿಯರು ಒಂದು ಕಡೆ. ಗೆದ್ದಲು ತಿಂದು ಹೋಗುವುದಕ್ಕಿಂತ ನೀಲಿ ಬಣ್ಣ ಹೊದ್ದು ಬದುಕಲಿ ಎನ್ನುವ ಕಿರಿಯರು ಇನ್ನೊಂದು ಕಡೆ. ಹಳೆಯ ಬಾಗಿಲನ್ನು ಊಟದ ಮೇಜಾಗಿ, ತೊಟ್ಟಿಲನ್ನು ಪುಸ್ತಕದ ಗೂಡಾಗಿ ಮಾರ್ಪಡಿಸುವುದು ಈಗ ಹವ್ಯಾಸವೂ ಹೌದು, ವ್ಯಾಪಾರವೂ ಹೌದು. ಇದರಿಂದ ಹಳೆಯ ವಸ್ತು ಉಳಿಯುತ್ತದೆಯೋ ಅಳಿಯುತ್ತದೆಯೋ ಎಂಬುದು ಮೇಲ್ನೋಟಕ್ಕೆ ರುಚಿಗೆ ಸಂಬಂಧಿಸಿದ ಪ್ರಶ್ನೆ. ಆದರೆ ಅದರ ಹಿಂದೆ ಮರದ ಗುಣ, ಕುಶಲಕರ್ಮಿಯ ಕೈಚಳಕ, ವಸ್ತುವಿನ ಇತಿಹಾಸ ಮೂರೂ ಇವೆ. ಆದ್ದರಿಂದ ಒಂದೊಂದಾಗಿ ನೋಡುವುದು ಒಳ್ಳೆಯದು.

ಬರಿಮರ ಎಂಬ ಭ್ರಮೆ

ಹಳೆಯ ಕಾಲದವರು ಮರಕ್ಕೆ ಬಣ್ಣ ಬಳಿಯುತ್ತಿರಲಿಲ್ಲ, ಬಣ್ಣ ಇಂದಿನವರ ಚಪಲ ಎಂಬುದು ಬಹಳ ಮಂದಿಯ ನಂಬಿಕೆ. ಇದು ನಿಜವಲ್ಲ. 1922ರಲ್ಲಿ ಈಜಿಪ್ಟಿನ ದೊರೆ ತುತಾಂಖಾಮನ್‌ನ ಸಮಾಧಿ ಪತ್ತೆಯಾಯಿತು. ಅಲ್ಲಿ ದೊರೆತ ಅತ್ಯಂತ ಪ್ರಸಿದ್ಧ ವಸ್ತುಗಳಲ್ಲಿ ಒಂದು ಮರದ ಪೆಟ್ಟಿಗೆಯೂ ಇತ್ತು. ಅದರ ಮರ ಎಲ್ಲೂ ಕಾಣುವುದಿಲ್ಲ. ಬಿಳಿಯ ಲೇಪ ಹಚ್ಚಿ, ಅದರ ಮೇಲೆ ಬೇಟೆಯ ಮತ್ತು ಯುದ್ಧದ ಚಿತ್ರಗಳನ್ನು ತುಂಬಿದ್ದಾರೆ. ಮೂರು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಬಡಗಿ ಮತ್ತು ಚಿತ್ರಕಾರ ಜೊತೆಯಾಗಿ ಕೆಲಸ ಮಾಡುತ್ತಿದ್ದರು.

ನಮ್ಮ ನಾಡಿನಲ್ಲೇ ಕೊಪ್ಪಳ ಜಿಲ್ಲೆಯ ಕಿನ್ನಾಳಕ್ಕೆ ಹೋದರೆ ಇದಕ್ಕೆ ಜೀವಂತ ಸಾಕ್ಷಿ ಸಿಗುತ್ತದೆ. ಅಲ್ಲಿನ ಚಿತ್ರಗಾರ ಕುಟುಂಬಗಳು ಹಗುರ ಮರದಲ್ಲಿ ದೇವರ ಮೂರ್ತಿ, ಪಲ್ಲಕ್ಕಿ, ತೊಟ್ಟಿಲು, ಗೊಂಬೆಗಳನ್ನು ಮಾಡುತ್ತ ಬಂದಿವೆ. ಹುಣಸೆಬೀಜದ ಅಂಟು, ನೆನೆಸಿ ಪುಡಿ ಮಾಡಿದ ಗೋಣಿನಾರು, ಕಲ್ಲಿನ ಪುಡಿಯ ಬಿಳಿ ಲೇಪ, ಅದರ ಮೇಲೆ ಬಣ್ಣ: ಹೀಗೆ ಪದರದ ಮೇಲೆ ಪದರ. ಅಲ್ಲಿ ಮರ ಎಂಬುದು ಎಲುಬು. ಬಣ್ಣವೇ ಚರ್ಮ. ಕಿನ್ನಾಳದ ತೊಟ್ಟಿಲೊಂದರ ಬಣ್ಣವನ್ನು ಹೆರೆದು ‘ಮೂಲ ಮರ’ವನ್ನು ಹೊರತೆಗೆಯುತ್ತೇನೆಂದು ಯಾರಾದರೂ ಹೊರಟರೆ, ಅವರು ಮೂಲವನ್ನೇ ಹೆರೆದು ಹಾಕಿದಂತೆ.

ಗುಜರಾತಿನ ಸಂಖೇಡಾದ ಪೀಠೋಪಕರಣಗಳದ್ದೂ ಇದೇ ಕತೆ. ಅಲ್ಲಿ ಬಳಸುವುದು ಸಾಗುವಾನಿಯನ್ನೇ. ಮರವನ್ನು ಚರಕಿಯಲ್ಲಿ ಕಡೆದು, ಬಣ್ಣ ಹಚ್ಚಿ, ತವರದ ಲೇಪದಿಂದ ಕುಸುರಿ ಬರೆದು, ಮೇಲೆ ಅರಗು ಹಾಕುತ್ತಾರೆ. ಬೆಳ್ಳಿಯಂತಿದ್ದ ತವರ ಅರಗಿನ ಅಡಿಯಲ್ಲಿ ಚಿನ್ನದಂತೆ ಹೊಳೆಯುತ್ತದೆ. ಸಾಗುವಾನಿಗೆ ಬಣ್ಣ ಬಳಿಯಲೇಬಾರದು ಎಂಬ ಕಟ್ಟಪ್ಪಣೆ ಸಂಖೇಡಾದ ಕುಶಲಕರ್ಮಿಗೆ ಅರ್ಥವೇ ಆಗಲಾರದು. ಚನ್ನಪಟ್ಟಣದಲ್ಲಿಯೂ ಅಷ್ಟೇ. ಆಲೆಮರದ ತುಂಡು ಚರಕಿಯಲ್ಲಿ ತಿರುಗುತ್ತಿರುವಾಗ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರವನ್ನು ಹಿಡಿಯುತ್ತದೆ.

ಪಶ್ಚಿಮದ ದೇಶಗಳಲ್ಲಿ ನಡೆದದ್ದು ಇನ್ನೂ ಸ್ವಾರಸ್ಯದ ಸಂಗತಿ. ‘ವಿಂಡ್ಸರ್’ ಎಂಬ ಹೆಸರಿನ ಕುರ್ಚಿಗಳು ಇಂಗ್ಲೆಂಡ್, ಅಮೆರಿಕಗಳಲ್ಲಿ 18ನೆಯ ಶತಮಾನದಿಂದಲೂ ಮನೆಮಾತು. ಅದರ ಕೂರುವ ಹಲಗೆ ಒಂದು ಜಾತಿಯ ಮರ, ಕಾಲು ಇನ್ನೊಂದು, ಬಾಗಿದ ಬೆನ್ನು ಮತ್ತೊಂದು. ಯಾವ ಭಾಗಕ್ಕೆ ಯಾವ ಗುಣ ಬೇಕೋ ಆ ಮರ. ಈ ಬೆರಕೆ ಕಾಣಬಾರದೆಂದು, ಮಳೆಬಿಸಿಲಿಗೆ ತಡೆಯಲೆಂದು ಕುರ್ಚಿಗೆ ಹಸಿರು ಬಣ್ಣ ಬಳಿಯುತ್ತಿದ್ದರು. ಹಾಗೆಯೇ ಬಡವರ ಮನೆಯ ಪೈನ್ ಮರದ ಕಪಾಟು, ಪೆಟ್ಟಿಗೆಗಳಿಗೂ ಬಣ್ಣ ಇದ್ದೇ ಇರುತ್ತಿತ್ತು. ಪೈನ್ ಅಗ್ಗದ ಮರ. ಗಂಟುಗಳು ಹೆಚ್ಚು. ಅದನ್ನು ಬರಿದಾಗಿ ತೋರಿಸಬೇಕೆಂದು ಅದನ್ನು ಮಾಡಿದ ಬಡಗಿ ಎಂದೂ ಭಾವಿಸಿರಲಿಲ್ಲ.

ಆದರೆ 1960 ಮತ್ತು 70ರ ದಶಕಗಳಲ್ಲಿ ಬ್ರಿಟನ್ನಿನಲ್ಲಿ ಒಂದು ಗೀಳು ಹಬ್ಬಿತು. ‘ನೈಸರ್ಗಿಕ’ ಮರ ಬೇಕು ಎಂದು ಜನ ಹಳೆಯ ಪೈನ್ ಪೀಠೋಪಕರಣಗಳನ್ನು ಕಾಸ್ಟಿಕ್ ಸೋಡಾದ ತೊಟ್ಟಿಯಲ್ಲಿ ಮುಳುಗಿಸಿ ಬಣ್ಣ ಬಿಡಿಸತೊಡಗಿದರು. ಬಣ್ಣದ ಜೊತೆಗೆ ಕೀಲುಗಳಲ್ಲಿದ್ದ ಅಂಟೂ ಸಡಿಲವಾಯಿತು. ಮರದ ಎಳೆ ಎದ್ದು ಒರಟಾಯಿತು. ಅಜ್ಜನ ಕಾಲದ ಕೈಬರಹದ ಹೂಬಳ್ಳಿಗಳೂ ಸೋಡಾದಲ್ಲಿ ಕರಗಿಹೋದವು. ಇಂದು ಮೂಲ ಬಣ್ಣ ಉಳಿಸಿಕೊಂಡ ಅಂಥ ಪೆಟ್ಟಿಗೆಗಳನ್ನು ಸಂಗ್ರಾಹಕರು ಹುಡುಕಿಕೊಂಡು ಹೋಗುತ್ತಾರೆ. ಬಣ್ಣ ಹಚ್ಚಿ ಕೆಡಿಸಿದ ಉದಾಹರಣೆಗಳಿರುವಂತೆ ಬಣ್ಣ ಬಿಡಿಸಿ ಕೆಡಿಸಿದ ಉದಾಹರಣೆಗಳೂ ಇವೆ ಎಂಬುದು ಇಲ್ಲಿನ ಮೊದಲ ಪಾಠ.

ಅರಗಿನ ಕತೆ

ಇನ್ನು ಬಣ್ಣವಿಲ್ಲದೆ ಹೊಳೆಯುವ ಮರದ ವಿಷಯ. ಹಳೆಯ ಮೇಜಿನ ಆ ಕೆಂಪುಮಿಶ್ರಿತ ಹೊಳಪು ಮರದ್ದೇ ಎಂದು ತಿಳಿಯುತ್ತೇವೆ. ಅದರಲ್ಲಿ ಒಂದು ಪಾಲು ಒಂದು ಕೀಟದ್ದು! ಮುತ್ತುಗ, ಬೋರೆ, ಕುಸುಮದಂಥ ಮರಗಳ ಎಳೆಯ ಕೊಂಬೆಗಳ ಮೇಲೆ ಸಾಸಿವೆಗಿಂತ ಚಿಕ್ಕದಾದ ಅರಗಿನ ಹುಳುಗಳು ಸಾವಿರಗಟ್ಟಲೆ ಕೂತು ರಸ ಹೀರುತ್ತವೆ. ಮೈಸುತ್ತ ಅಂಟನ್ನು ಸುರಿಸಿಕೊಳ್ಳುತ್ತವೆ. ಆ ಅಂಟೇ ಅರಗು. ಪಾಂಡವರನ್ನು ಸುಡಲು ಕಟ್ಟಿದ ಅರಗಿನ ಮನೆಯ ಕತೆ ಯಾರಿಗೆ ಗೊತ್ತಿಲ್ಲ? ಸಂಸ್ಕೃತದ ‘ಲಾಕ್ಷಾ’ದಿಂದಲೇ ಯುರೋಪಿನ ಭಾಷೆಗಳ ‘ಲ್ಯಾಕ್’, ‘ಲ್ಯಾಕರ್’ ಪದಗಳು ಹುಟ್ಟಿವೆ. ಇಂದಿಗೂ ಭಾರತದಲ್ಲಿ ಅರಗಿನ ದೊಡ್ಡ ನೆಲೆ ಜಾರ್ಖಂಡ್. ಅಲ್ಲಿನ ರಾಂಚಿಯ ಬಳಿಯ ನಾಮಕುಮ್‌ನಲ್ಲಿ 1924ರಲ್ಲೇ ಅರಗಿನ ಸಂಶೋಧನೆಗೆಂದು ಒಂದು ಸಂಸ್ಥೆ ಆರಂಭವಾಯಿತು.

ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಿಂದ ತೆಳುವಾಗಿ ಹತ್ತಾರು ಸಲ ಉಜ್ಜುವುದೇ ‘ಫ್ರೆಂಚ್ ಪಾಲಿಷ್’. 19ನೆಯ ಶತಮಾನದ ಆರಂಭದಲ್ಲಿ ಇದು ಯುರೋಪಿನಲ್ಲಿ ಹರಡಿತು. ಬ್ರಿಟಿಷರ ಜೊತೆ ಇಲ್ಲಿನ ಬಂಗಲೆಗಳಿಗೂ ಬಂತು. ನಮ್ಮದೇ ಅರಗು, ಫ್ರಾನ್ಸಿನ ಹೆಸರು ಹೊತ್ತು ನಮ್ಮ ಊರಿಗೇ ಹಿಂದಿರುಗಿತು ಎನ್ನಬೇಕು. ಅದಕ್ಕೂ ಮೊದಲು ಯುರೋಪಿನಲ್ಲಿ ಬಳಕೆಯಲ್ಲಿದ್ದದ್ದು ಹೆಚ್ಚಾಗಿ ಜೇನುಮೇಣ, ಅಗಸೆ ಎಣ್ಣೆ, ಬಗೆಬಗೆಯ ವಾರ್ನಿಷ್. ಫ್ರೆಂಚ್ ಪಾಲಿಷ್ ಬಂದ ಮೇಲೆ 18ನೆಯ ಶತಮಾನದ ಎಷ್ಟೋ ಮೇಜು ಕುರ್ಚಿಗಳ ಹಳೆಯ ಮೇಲ್ಮೈಯನ್ನು ಹೆರೆದು ಹೊಸ ಹೊಳಪು ಕೊಟ್ಟರು. ಇಂದು ‘ಮೂಲ ಹೊಳಪು’ ಎಂದು ಹೆಮ್ಮೆಪಡುವ ಅನೇಕ ವಸ್ತುಗಳ ಹೊಳಪು ಹೀಗೆ ನೂರು ವರ್ಷ ತಡವಾಗಿ ಬಂದದ್ದು. ಅಂದರೆ ಹಳತನ್ನು ಹೊಸತಾಗಿಸುವ ಆಸೆ ಈ ತಲೆಮಾರಿನದಲ್ಲ.

ಆದರೂ ಅರಗಿಗೆ ಒಂದು ದೊಡ್ಡ ಗುಣವಿದೆ. ಎಷ್ಟೇ ವರ್ಷವಾದರೂ ಸ್ಪಿರಿಟ್ ತಾಗಿದರೆ ಅದು ಮತ್ತೆ ಕರಗುತ್ತದೆ. ಮಸುಕಾದ ಭಾಗವನ್ನಷ್ಟೇ ತೆಳುವಾಗಿ ಒರೆಸಿ, ಅಲ್ಲಿಗಷ್ಟೇ ಹೊಸ ಪದರ ಕೊಡಬಹುದು. ಮರಕ್ಕೆ ಪೆಟ್ಟಾಗುವುದಿಲ್ಲ. ಈಗಿನ ಪಾಲಿಯುರಥೇನ್ ಲೇಪ ಗಟ್ಟಿಮುಟ್ಟು, ನೀರಿಗೆ ಜಗ್ಗುವುದಿಲ್ಲ. ಆದರೆ ಒಮ್ಮೆ ಕೂತರೆ ಹೆರೆದೇ ತೆಗೆಯಬೇಕು. ಒಂದು ಲೇಪ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವಾಗ ಅದು ಎಷ್ಟು ಹೊಳೆಯುತ್ತದೆ ಎಂಬುದಕ್ಕಿಂತ, ಬೇಡವಾದಾಗ ಅದನ್ನು ಹಿಂತೆಗೆಯಲು ಸಾಧ್ಯವೇ ಎಂದು ಕೇಳುವುದು ಮುಖ್ಯ.

ಬಣ್ಣ ಏನು ಮಾಡುತ್ತದೆ?

ಈಗ ನಮ್ಮ ಕಪಾಟಿಗೆ ಬರೋಣ. ಕರ್ನಾಟಕದ ಹಳೆಯ ಮನೆಗಳ ಪೀಠೋಪಕರಣ ಹೆಚ್ಚಾಗಿ ಸಾಗುವಾನಿ, ಬೀಟೆ, ಹಲಸು, ಹೊನ್ನೆ ಮರಗಳದ್ದು. ಒಂದೊಂದು ಮರದ ಸ್ವಭಾವ ಒಂದೊಂದು.

ಸಾಗುವಾನಿಯಲ್ಲಿ ಸಹಜವಾದ ಎಣ್ಣೆಯ ಅಂಶವಿದೆ. ಗೆದ್ದಲು ಅದನ್ನು ಸುಲಭವಾಗಿ ಮುಟ್ಟದಿರುವುದಕ್ಕೆ ಮರದೊಳಗಿನ ಇಂಥ ದ್ರವ್ಯಗಳೇ ಕಾರಣ. ಆದರೆ ಅದೇ ಎಣ್ಣೆ ಬಣ್ಣ ಚೆನ್ನಾಗಿ ಅಂಟಿಕೊಳ್ಳಲು ಬಿಡುವುದಿಲ್ಲ. ಬಿಳಿ ಬಣ್ಣ ಬಳಿದರೆ ಕೆಲವು ತಿಂಗಳಲ್ಲಿ ಹಳದಿ ಕಲೆ ಮೇಲೇಳುವುದೂ ಉಂಟು. ಹಲಸಿನ ಮರ ಕೊಯ್ದ ಹೊಸತರಲ್ಲಿ ಅರಿಶಿನದಂತೆ ಹಳದಿ. ಬರ್ಮಾ, ಥಾಯ್ಲೆಂಡ್‌ಗಳ ಬೌದ್ಧ ಭಿಕ್ಷುಗಳ ಬಟ್ಟೆಗೆ ಬಣ್ಣ ಕಟ್ಟಲು ಬಳಸುತ್ತಿದ್ದುದು ಈ ಮರದ ತಿರುಳನ್ನೇ. ಬೆಳಕು ಗಾಳಿ ತಾಗುತ್ತ ಹೋದಂತೆ ಅದು ಕಂದಾಗುತ್ತದೆ, ಕೆಂಪಾಗುತ್ತದೆ. ಐವತ್ತು ವರ್ಷದ ಹಲಸಿನ ಹಲಗೆಯ ಬಣ್ಣ ಅಂಗಡಿಯ ಯಾವ ಡಬ್ಬಿಯಲ್ಲೂ ಸಿಗುವುದಿಲ್ಲ. ಮರಳುಕಾಗದದಿಂದ ಒಂದು ಕೂದಲೆಳೆಯಷ್ಟು ಉಜ್ಜಿದರೆ ಸಾಕು, ಐವತ್ತು ವರ್ಷ ಒಂದು ಗಳಿಗೆಯಲ್ಲಿ ನೆಲಕ್ಕೆ ಪುಡಿಯಾಗಿ ಬೀಳುತ್ತದೆ.

ಬೀಟೆಯದ್ದು ಬೇರೆಯೇ ಮಾತು. ಮೈಸೂರಿನ ಕೆತ್ತು ಕೂರಿಸುವ ಕಲೆಗೆ ಈ ಮರವೇ ಹಿನ್ನೆಲೆ. ಬೀಟೆಯ ಕಪ್ಪುಗೆಂಪು ಮೈಯಲ್ಲಿ ಬೇರೆ ಬೇರೆ ಬಣ್ಣದ ಮರದ ಚೂರುಗಳನ್ನು, ಹಿಂದೆ ದಂತವನ್ನು ಕೂರಿಸಿ ಚಿತ್ರ ಬಿಡಿಸುತ್ತಿದ್ದರು. ಮೈಸೂರು ಅರಮನೆಯ ಅಂಬಾವಿಲಾಸದ ಬಾಗಿಲು ನೋಡಿದವರಿಗೆ ಆ ಕೆಲಸದ ಹಿರಿಮೆ ಗೊತ್ತು. ಬೀಟೆ ಇಂದು ಅಳಿವಿನ ಆತಂಕ ಎದುರಿಸುತ್ತಿರುವ ಮರಗಳ ಪಟ್ಟಿಯಲ್ಲಿದೆ. 2017ರ ಜನವರಿಯಿಂದ ಅದರ ಇಡೀ ಕುಲದ ಮರಗಳ ಅಂತಾರಾಷ್ಟ್ರೀಯ ವ್ಯಾಪಾರ ನಿಯಂತ್ರಣಕ್ಕೆ ಒಳಪಟ್ಟಿದೆ. ಅಂಥ ಮರದ ಮೇಲೆ ಎನಾಮೆಲ್ ಬಣ್ಣ ಬಳಿಯುವುದೆಂದರೆ ರೇಷ್ಮೆ ಸೀರೆಗೆ ಗೋಣಿಚೀಲ ಹೊಲಿದಂತೆ.

ಬಡಗಿಗಳಿಗೆ ಗೊತ್ತಿರುವ, ಉಳಿದವರಿಗೆ ಹೊಳೆಯದ ಇನ್ನೊಂದು ಸಂಗತಿ ಇದೆ. ಮರ ಕಡಿದು ನೂರು ವರ್ಷವಾದರೂ ಅದರ ಉಸಿರಾಟ ನಿಲ್ಲುವುದಿಲ್ಲ ಎಂಬ ಮಾತಿದೆಯಲ್ಲ, ಅದು ಬರೀ ಕವಿಮಾತಲ್ಲ. ಮಳೆಗಾಲದಲ್ಲಿ ತೇವ ಹೀರಿ ಹಲಗೆ ಅಡ್ಡಕ್ಕೆ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಜಡಿಮಳೆಯಲ್ಲಿ ಬಾಗಿಲು ಬಿಗಿಯಾಗುವುದು ಇದೇ ಕಾರಣಕ್ಕೆ. ಆದ್ದರಿಂದಲೇ ಜಾಣ ಬಡಗಿ ಕಪಾಟಿನ ಬಾಗಿಲ ಹಲಗೆಯನ್ನು ಚೌಕಟ್ಟಿಗೆ ಅಂಟಿಸುವುದಿಲ್ಲ, ಮೊಳೆ ಹೊಡೆಯುವುದಿಲ್ಲ. ಚೌಕಟ್ಟಿನ ಗಾಡಿಯಲ್ಲಿ ಸಡಿಲವಾಗಿ ಕೂರಿಸುತ್ತಾನೆ. ದಪ್ಪ ಬಣ್ಣ ಆ ಗಾಡಿಯೊಳಗೆ ಇಳಿದು ಗಟ್ಟಿಯಾದರೆ ಹಲಗೆ ಅಲ್ಲೇ ಕಚ್ಚಿಕೊಳ್ಳುತ್ತದೆ. ಬೇಸಿಗೆಯಲ್ಲಿ ಕುಗ್ಗಲು ಹೋಗಿ ಜಾಗವಿಲ್ಲದೆ ನಡುವೆ ಸೀಳು ಬಿಡುತ್ತದೆ. ಬಣ್ಣದ ತಪ್ಪನ್ನು ಮರದ ತಪ್ಪೆಂದು ತಿಳಿದು ಆ ಕಪಾಟನ್ನು ಹೊರಹಾಕಿದವರೂ ಉಂಟು.

ಕೈಗುರುತುಗಳ ಮಾತು ಹೇಳದೆ ಹೋದರೆ ಅಪೂರ್ಣವಾಗುತ್ತದೆ. ಹಳೆಯ ಹಲಗೆಯ ಹಿಂಬದಿಗೆ ಕೈ ಸವರಿದರೆ ಸಣ್ಣ ಸಣ್ಣ ತಗ್ಗುಗಳು ಸಿಗುತ್ತವೆ. ಅವು ಬಾಚಿಯ, ಕೀಸುಳಿಯ ಗುರುತುಗಳು. ಯಂತ್ರದ ಗರಗಸ ಬರುವ ಮುನ್ನ ಈ ಹಲಗೆ ಒಬ್ಬ ಮನುಷ್ಯನ ಕೈಯಲ್ಲಿ ನುಣುಪಾಯಿತು ಎಂಬುದಕ್ಕೆ ಇರುವ ಒಂದೇ ದಾಖಲೆ ಅದು. ಬಡಗಿಯ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಅವನ ಸಹಿ ಇರುವುದು ಅಲ್ಲಿ ಮಾತ್ರ. ವಿದ್ಯುತ್ ಉಜ್ಜುಗ ಯಂತ್ರ ಮೊದಲು ಅಳಿಸುವುದು ಆ ಸಹಿಯನ್ನು.

ಹೆರೆಯುವವರು, ಹೆರೆಯಬೇಡಿ ಎಂದವರು

ಈ ಜಗಳ ಪೀಠೋಪಕರಣಕ್ಕಿಂತ ಮೊದಲು ಕಟ್ಟಡಗಳ ವಿಷಯದಲ್ಲಿ ನಡೆಯಿತು. 19ನೆಯ ಶತಮಾನದ ಇಂಗ್ಲೆಂಡಿನಲ್ಲಿ ಹಳೆಯ ಚರ್ಚುಗಳನ್ನು ‘ಮೊದಲಿನಂತೆ’ ಮಾಡುವ ಉತ್ಸಾಹ ಹುಟ್ಟಿತ್ತು. ಶತಮಾನಗಳ ಗಾರೆಯನ್ನು ಹೆರೆದು ಬರಿಯ ಕಲ್ಲು ಕಾಣಿಸಿದರು. ಜಾನ್ ರಸ್ಕಿನ್ 1849ರಲ್ಲೇ ಇಂಥ ಜೀರ್ಣೋದ್ಧಾರವನ್ನು ಕಟುವಾಗಿ ಟೀಕಿಸಿದ್ದ. ಹೋದ ಕೈ ಮತ್ತೆ ಬಾರದು, ಆದ್ದರಿಂದ ಹೀಗೆ ಮಾಡಿದ್ದು ಹಳೆಯದಲ್ಲ, ಹಳೆಯದರ ವೇಷ ಎಂಬುದು ಅವನ ವಾದದ ತಿರುಳು. 1877ರಲ್ಲಿ ವಿಲಿಯಂ ಮಾರಿಸ್ ಮತ್ತು ಗೆಳೆಯರು ಹಳೆಯ ಕಟ್ಟಡಗಳ ರಕ್ಷಣೆಗೆ ಒಂದು ಸಂಘ ಕಟ್ಟಿದರು. ಅದರ ಅಡ್ಡಹೆಸರು ‘ಹೆರೆತ ವಿರೋಧಿ’. ಮಾರಿಸ್ ಸ್ವತಃ ಪೀಠೋಪಕರಣ, ಗೋಡೆಕಾಗದಗಳ ವಿನ್ಯಾಸಕಾರ ಎಂಬುದನ್ನು ಇಲ್ಲಿ ನೆನೆಯಬೇಕು.

ಎಚ್ಚರಿಕೆ ಕೇಳಿಸಿಕೊಂಡವರು ಕಡಿಮೆ. 1937-38ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದ್ದ ಗ್ರೀಸಿನ ಪಾರ್ಥೆನಾನ್ ಶಿಲ್ಪಗಳನ್ನು ಬೆಳ್ಳಗಾಗಿಸಲು ತಾಮ್ರದ ಉಳಿಗಳಿಂದ ಉಜ್ಜಿದರು. ಗ್ರೀಕ್ ಶಿಲ್ಪವೆಂದರೆ ಹಾಲಿನಂತೆ ಬಿಳಿ ಇರಬೇಕೆಂಬ ಕಲ್ಪನೆ ಅದಕ್ಕೆ ಕಾರಣ. ಅಸಲಿಗೆ ಪ್ರಾಚೀನ ಗ್ರೀಕರು ತಮ್ಮ ಶಿಲ್ಪಗಳಿಗೆ ಬಣ್ಣ ಬಳಿಯುತ್ತಿದ್ದರು! ನಮ್ಮಲ್ಲಿ ಇದರ ಉಲ್ಟಾ. ಬರಿಗಲ್ಲಿನ ಚೆಲುವಿಗಾಗಿಯೇ ಕೆತ್ತಿದ ಕಂಬಗಳಿಗೆ ಎಣ್ಣೆಬಣ್ಣ ಬಳಿದು, ಶಾಸನದ ಅಕ್ಷರಗಳನ್ನೂ ಮುಚ್ಚಿಹಾಕಿದ ದೇವಾಲಯಗಳು ಎಷ್ಟೋ ಇವೆ. ಎರಡರಲ್ಲೂ ತಪ್ಪು ಒಂದೇ. ವಸ್ತು ಹೇಗಿತ್ತು ಎಂದು ಕೇಳದೆ, ಹೇಗಿರಬೇಕೆಂದು ನಮಗೆ ಅನಿಸಿತೋ ಹಾಗೆ ಮಾಡಿದ್ದು.

ಹೆರೆಯದೆ ಬಿಡುವುದರಿಂದ ಹಣವೂ ಉಳಿಯುತ್ತದೆ ಎಂಬುದಕ್ಕೆ ಅಮೆರಿಕದ ಒಂದು ಪ್ರಸಂಗವಿದೆ. ಮನೆಯೊಂದರ ಹಳೆಯ ಸಾಮಾನು ಮಾರಾಟದಲ್ಲಿ 25 ಡಾಲರಿಗೆ ಕೊಂಡಿದ್ದ ಸಣ್ಣ ಮೇಜೊಂದು 1997ರಲ್ಲಿ ಅಲ್ಲಿನ ‘ಆಂಟಿಕ್ಸ್ ರೋಡ್‌ಶೋ’ ಟಿವಿ ಕಾರ್ಯಕ್ರಮಕ್ಕೆ ಬಂತು. ಬಾಸ್ಟನ್ನಿನ ಹೆಸರಾಂತ ಬಡಗಿ ಜಾನ್ ಸೆಮೂರ್ ಮತ್ತು ಮಗನ ಅಂಗಡಿಯ ಚೀಟಿ ಅದರ ಮೇಲೆ ಹಾಗೆಯೇ ಉಳಿದಿತ್ತು. 1998ರ ಹರಾಜಿನಲ್ಲಿ ಅದು 5,41,500 ಡಾಲರಿಗೆ ಹೋಯಿತು. ಇಂಥ ಸುದ್ದಿಗಳಿಂದಾಗಿ ಹಳೆಯ ಯಾವ ವಸ್ತುವನ್ನೂ ಮುಟ್ಟಬಾರದು ಎಂಬ ಭಯವೇ ಹರಡಿತು. ಕೊನೆಗೆ ಆ ಕಾರ್ಯಕ್ರಮದವರೇ ಸ್ಪಷ್ಟನೆ ಕೊಡಬೇಕಾಯಿತು: ಈ ಮಾತು ಅಪರೂಪದ ವಸ್ತುಗಳಿಗೆ, ಸವೆದು ಹಾಳಾದ ಸಾಮಾನ್ಯ ಮೇಜು ಕುರ್ಚಿಯನ್ನು ಚೆನ್ನಾಗಿ ದುರಸ್ತಿ ಮಾಡಿ ಹೊಳಪು ಕೊಟ್ಟರೆ ಅದರ ಬೆಲೆ ಕುಗ್ಗುವುದಿಲ್ಲ, ಹೆಚ್ಚೂ ಆಗಬಹುದು.

ಮರುಬಳಕೆಯ ಹೊಸ ಮಂತ್ರ

ಬಣ್ಣದ ಪರವಾಗಿ ಹೇಳಬೇಕಾದ್ದೂ ಇದೆ. 1989ರಲ್ಲಿ ರೇಚಲ್ ಆಶ್ವೆಲ್ ಎಂಬಾಕೆ ಕ್ಯಾಲಿಫೋರ್ನಿಯಾದಲ್ಲಿ ‘ಶ್ಯಾಬಿ ಶಿಕ್’ ಎಂಬ ಅಂಗಡಿ ತೆರೆದಳು. ಮಾಸಿದ ಬಿಳಿಬಣ್ಣದ, ಅಂಚು ಸವೆದ ಪೀಠೋಪಕರಣವೇ ಅಲ್ಲಿನ ಸೊಗಸು. 1990ರಲ್ಲಿ ಆನಿ ಸ್ಲೋನ್ ಸೀಮೆಸುಣ್ಣದಂತೆ ಮಂಕಾಗಿ ಒಣಗುವ ಬಣ್ಣವೊಂದನ್ನು ತಯಾರಿಸಿದಳು. ಮೊದಲೇ ಉಜ್ಜಬೇಕಾಗಿಲ್ಲ, ನೇರವಾಗಿ ಬಳಿಯಬಹುದು ಎಂಬುದೇ ಅದರ ಆಕರ್ಷಣೆ. ಬಡಗಿಯ ಹಂಗಿಲ್ಲದೆ ಮನೆಯವರೇ ಕುಂಚ ಹಿಡಿಯುವಂತಾಯಿತು.

‘ಅಪ್‌ಸೈಕ್ಲಿಂಗ್’ ಎಂಬ ಮಾತು ಅಚ್ಚಾದದ್ದು 1994ರಲ್ಲಿ. ಜರ್ಮನಿಯ ಎಂಜಿನಿಯರ್ ರೈನರ್ ಪಿಲ್ಜ್ ಹಳೆಯ ಕಟ್ಟಡ ಸಾಮಗ್ರಿಗಳ ಪತ್ರಿಕೆಯೊಂದಕ್ಕೆ ಕೊಟ್ಟ ಸಂದರ್ಶನದಲ್ಲಿ ಅದು ಬಂತು. ಇಟ್ಟಿಗೆಯನ್ನು ಪುಡಿ ಮಾಡುವುದನ್ನೇ ಮರುಬಳಕೆ ಎನ್ನುತ್ತಾರೆ, ಅದು ವಸ್ತುವನ್ನು ಕೆಳದರ್ಜೆಗೆ ಇಳಿಸುವುದು. ಬೇಕಾದದ್ದು ಹಳೆಯ ವಸ್ತುವಿಗೆ ಹೆಚ್ಚಿನ ಬೆಲೆ ತರುವ ಕೆಲಸ ಎಂಬುದು ಅವನ ಅಂಬೋಣ. ಈ ಅಳತೆಗೋಲನ್ನೇ ಹಿಡಿದು ನೋಡಿದರೆ ಇಂದು ಆ ಹೆಸರಿನಲ್ಲಿ ನಡೆಯುವ ಕೆಲಸಗಳು ಎರಡು ಪಾಲಾಗುತ್ತವೆ. ಕಾಲು ಮುರಿದು ಸೌದೆಗೆ ಹೊರಟಿದ್ದ ಮೇಜಿಗೆ ಹೊಸ ಕಾಲು ಕೊಟ್ಟು, ಬಣ್ಣ ಬಳಿದು ಮಕ್ಕಳ ಓದುಮೇಜು ಮಾಡಿದರೆ ಅದು ಏರಿಕೆ. ಕೆತ್ತನೆಯ ತಲೆಬಾಗಿಲನ್ನು ಕೊಯ್ದು ಗಾಜು ಹಾಸಿ ಊಟದ ಮೇಜು ಮಾಡಿದರೆ ಅದು ಇಳಿಕೆ. ಗಜಲಕ್ಷ್ಮಿಯನ್ನು ಹೊಸ್ತಿಲ ಮೇಲೆ ಇಟ್ಟದ್ದಕ್ಕೆ ಒಂದು ಅರ್ಥವಿತ್ತು. ಸಾರಿನ ಪಾತ್ರೆಯ ಕೆಳಗೆ ಅದಕ್ಕೆ ಅರ್ಥವಿಲ್ಲ.

ಇಡಿಯಾಗಿ ಉಳಿಸಿದರೆ ಏನಾಗುತ್ತದೆ ಎಂಬುದಕ್ಕೆ ಮಣಿಪಾಲದಲ್ಲಿ ಉತ್ತರವಿದೆ. ವಿಜಯನಾಥ ಶೆಣೈ ಅವರು ಬಿದ್ದುಹೋಗುತ್ತಿದ್ದ ಹಳೆಯ ಮನೆಗಳನ್ನು ಕಂಬ, ತೊಲೆ, ಬಾಗಿಲು ಸಮೇತ ಬಿಚ್ಚಿ ತಂದು ಅಲ್ಲಿ ಮತ್ತೆ ಜೋಡಿಸಿದರು. ಕುಕನೂರಿನ ಕಮಲಮಹಲ್, ಹುಮನಾಬಾದಿನ ನವಾಬ ಮಹಲ್, ಮಿಯಾರಿನ ಮನೆ ಇವೆಲ್ಲ ಅಲ್ಲಿನ ‘ಹಸ್ತಶಿಲ್ಪ’ ಗ್ರಾಮದಲ್ಲಿವೆ. ಅಲ್ಲಿ ಕಂಬ ಕಂಬವಾಗಿಯೇ ನಿಂತಿದೆ, ಬಾಗಿಲು ಬಾಗಿಲಾಗಿಯೇ ತೆರೆಯುತ್ತದೆ. ಆದರೆ ಎಲ್ಲರೂ ಮನೆ ಹೊತ್ತು ತರಲಾರರು. ಎಲ್ಲ ಮಂಚಗಳೂ ಮ್ಯೂಸಿಯಂ ಸೇರಲಾರವು. ಬಳಕೆಯಲ್ಲಿರುವ ವಸ್ತು ಮಾತ್ರ ಮನೆಯಲ್ಲಿ ಉಳಿಯುತ್ತದೆ ಎಂಬುದು ಲೋಕಾನುಭವ. 1970, 80ರ ದಶಕಗಳಲ್ಲಿ ಹೊಸ ಸೊಬಗೆಂದು ತೇಗದ ಮೇಜುಗಳ ಮೇಲೆ ಸನ್‌ಮೈಕಾ ಅಂಟಿಸಿದರು. ಅಂದು ಅದನ್ನು ಹಳಿದವರೂ ಒಪ್ಪಬೇಕಾದ ಮಾತೆಂದರೆ, ಆ ಮೇಜುಗಳಲ್ಲಿ ಕೆಲವು ಇಂದಿಗೂ ಉಳಿದಿರುವುದು ಅಡುಗೆಮನೆಯಲ್ಲಿ ಉಪಯೋಗಕ್ಕೆ ಬಂದದ್ದರಿಂದ.

ಕಾರ್ಖಾನೆಯ ಪುಡಿಹಲಗೆಯ ಕಪಾಟು ಒಮ್ಮೆ ನೀರು ಕುಡಿದರೆ ಉಬ್ಬಿ ಮುಗಿಯಿತು. ನೂರು ವರ್ಷದ ಮರದ ಕಪಾಟಿಗೆ ಬಣ್ಣ ಬಳಿದಾದರೂ ಇಟ್ಟುಕೊಂಡರೆ ಹೊಸ ಮರ ಕಡಿಯುವುದು ಅಷ್ಟರಮಟ್ಟಿಗೆ ತಪ್ಪುತ್ತದೆ. ಈ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ.

ಸೀಸದ ಅಪಾಯ

ಬಣ್ಣ ಬಳಿಯುವವರಿಗೂ ಬಿಡಿಸುವವರಿಗೂ ತಿಳಿದಿರಬೇಕಾದ ಒಂದು ಅಪಾಯವಿದೆ. ಹಳೆಯ ಎಣ್ಣೆಬಣ್ಣಗಳಲ್ಲಿ ಸೀಸ ಧಾರಾಳವಾಗಿ ಇರುತ್ತಿತ್ತು. ಭಾರತದಲ್ಲಿ ಮನೆಬಳಕೆಯ ಬಣ್ಣಗಳ ಸೀಸಕ್ಕೆ ಹತ್ತು ಲಕ್ಷ ಭಾಗದಲ್ಲಿ 90 ಭಾಗದ ಮಿತಿ ಹಾಕಿದ ನಿಯಮಗಳು ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರಿನಿಂದ. ಅದಕ್ಕೂ ಹಿಂದಿನ ಬಣ್ಣದ ತೊಟ್ಟಿಲು, ಬಾಗಿಲು, ಕಿಟಕಿಗಳನ್ನು ಒಣಗಿದ್ದಂತೆಯೇ ಮರಳುಕಾಗದದಿಂದ ಉಜ್ಜಿದರೆ ಸೀಸದ ಧೂಳು ಮನೆಯೆಲ್ಲ ಹರಡುತ್ತದೆ. ಎಳೆಯ ಮಕ್ಕಳ ಮಿದುಳಿಗೆ ಅದು ವಿಷ. ಇಂಥ ಬಣ್ಣವನ್ನು ಸುಟ್ಟು ತೆಗೆಯುವುದೂ ತಪ್ಪು. ನೀರು ತಾಗಿಸಿ, ಮೂಗುಬಾಯಿಗೆ ಸರಿಯಾದ ಮುಸುಕು ಕಟ್ಟಿಕೊಂಡು, ಮಕ್ಕಳನ್ನು ದೂರವಿಟ್ಟು, ತಿಳಿದವರಿಂದ ಮಾಡಿಸಬೇಕು. ಹಳೆಯ ಬಣ್ಣದ ತೊಟ್ಟಿಲನ್ನು ಮತ್ತೆ ಮಗುವಿಗೆ ಕೊಡುವ ಮುನ್ನ ಈ ಮಾತು ನೆನಪಿರಲಿ.

ತೀರ್ಮಾನ ಹೇಗೆ?

ಹಾಗಾದರೆ ಕುಂಚ ಕೈಗೆತ್ತಿಕೊಳ್ಳುವ ಮುನ್ನ ಏನು ಮಾಡಬೇಕು? ಮೊದಲು ಒದ್ದೆ ಮಾಡಿ ಹಿಂಡಿದ ಬಟ್ಟೆಯಿಂದ ಒರೆಸಿ ನೋಡಬೇಕು. ಕಪ್ಪೆಂದು ಕಂಡದ್ದು ಎಷ್ಟೋ ಸಲ ಮರದ ಬಣ್ಣವಲ್ಲ, ಒಲೆಯ ಹೊಗೆ ಮತ್ತು ಕೈಯೆಣ್ಣೆ. ಸ್ವಲ್ಪ ಜೇನುಮೇಣ ಉಜ್ಜಿದರೆ ಅರ್ಧದಷ್ಟು ಕಪಾಟುಗಳ ವಿಷಯದಲ್ಲಿ ವಾದ ಅಲ್ಲಿಗೇ ಮುಗಿಯುತ್ತದೆ.

ಆಮೇಲೆ ಮರ ಯಾವುದೆಂದು ಊರಿನ ಹಿರಿಯ ಬಡಗಿಯನ್ನು ಕೇಳಬೇಕು. ಬೀಟೆ, ಒಳ್ಳೆಯ ಸಾಗುವಾನಿ, ಹಳೆಯ ಹಲಸು ಆಗಿದ್ದರೆ ಬಣ್ಣದ ಯೋಚನೆ ಬಿಡುವುದು ಲೇಸು. ಕೆತ್ತನೆ, ಕೂರಿಸಿದ ಕುಸುರಿ, ಹಳೆಯ ಚಿತ್ರ, ಬರಹ, ಅಂಗಡಿಯ ಚೀಟಿ ಇದ್ದರೆ ಅದನ್ನು ಮುಟ್ಟುವ ಮುನ್ನ ತಿಳಿದವರಿಗೆ ತೋರಿಸಬೇಕು. ನೂರು ವರ್ಷ ದಾಟಿದ ಕಲಾಕುಸುರಿಯ ವಸ್ತುಗಳು, ಕಟ್ಟಡದಿಂದ ಬೇರ್ಪಡಿಸಿದ ಭಾಗಗಳು 1972ರ ಪ್ರಾಚ್ಯವಸ್ತು ಕಾಯಿದೆಯ ವ್ಯಾಪ್ತಿಗೆ ಬರುತ್ತವೆ ಎಂಬುದೂ ಗಮನದಲ್ಲಿರಬೇಕು. ಮರ ಸಾಧಾರಣದ್ದು, ಬೆರಕೆಯದ್ದು, ಮೇಲ್ಮೈ ಆಗಲೇ ಹಾಳಾದದ್ದು, ಪ್ಲೈವುಡ್ಡಿನದು ಎಂದಾದರೆ ಧೈರ್ಯವಾಗಿ ಬಣ್ಣ ಬಳಿಯಬಹುದು. ಅಲ್ಲಿ ಬಣ್ಣ ಉಪಕಾರವನ್ನೇ ಮಾಡುತ್ತದೆ.

ಮಾಡುವ ಕೆಲಸ ಹಿಂತೆಗೆಯುವಂತಿರಬೇಕು ಎಂಬುದು ವಸ್ತುಸಂಗ್ರಹಾಲಯಗಳ ತಜ್ಞರು ಪಾಲಿಸುವ ಸೂತ್ರ. ಮನೆಯಲ್ಲೂ ಅದು ನಡೆಯುತ್ತದೆ. ಬಣ್ಣ ಬೇಕೇ ಬೇಕೆಂದರೆ ಮೊದಲು ಅರಗಿನ ಒಂದು ತೆಳು ಪದರ ಕೊಟ್ಟು ಅದರ ಮೇಲೆ ಬಳಿಯಬಹುದು. ಬಣ್ಣ ಮರದ ರಂಧ್ರಕ್ಕೆ ಇಳಿಯುವುದಿಲ್ಲ. ನಾಳೆ ಮಗಳೋ ಮೊಮ್ಮಗನೋ ಅದನ್ನು ಬಿಡಿಸಬೇಕೆಂದರೆ ಅಷ್ಟು ಸುಲಭ. ಮೊಳೆ ಹೊಡೆಯುವುದಕ್ಕಿಂತ ಸ್ಕ್ರೂ ಮೇಲು, ಕೊಯ್ಯುವುದಕ್ಕಿಂತ ಜೋಡಿಸುವುದು ಮೇಲು. ಕೆಲಸಕ್ಕೆ ಮುನ್ನ ಒಂದು ಫೋಟೋ ತೆಗೆದು, ವಸ್ತು ಯಾರದ್ದು, ಎಲ್ಲಿಂದ ಬಂತು, ಏನು ಬದಲಾಯಿಸಿದೆವು ಎಂದು ಒಂದು ಚೀಟಿ ಬರೆದು ಒಳಗಡೆ ಅಂಟಿಸಿಟ್ಟರೆ ಖರ್ಚೇನೂ ಇಲ್ಲ. ಬಾಸ್ಟನ್ನಿನ ಮೇಜಿನ ಗುರುತು ಹೇಳಿದ್ದು ಅಂಥದೇ ಒಂದು ಚೀಟಿ.

ಬಣ್ಣ ಕೆಡಿಸುತ್ತದೆಯೇ ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಇಲ್ಲ. ಕಿನ್ನಾಳದಲ್ಲಿ ಬಣ್ಣವೇ ಪ್ರಾಣ, ಮೈಸೂರಿನ ಬೀಟೆಯಲ್ಲಿ ಅದೇ ಮುಸುಕು. ತಿಳಿದು ಬಳಿದ ಬಣ್ಣ ಒಂದು ಮೇಜನ್ನು ಒಲೆಯಿಂದ ಪಾರುಮಾಡೀತು. ತಿಳಿಯದೆ ಹಿಡಿದ ಮರಳುಕಾಗದ ಒಂದು ತಲೆಮಾರಿನ ಕೆಲಸವನ್ನು ಒಂದು ಮಧ್ಯಾಹ್ನದಲ್ಲಿ ಅಳಿಸೀತು. ಮರ ಬೆಳೆಯಲು ಎಂಬತ್ತು ವರ್ಷ, ಬಡಗಿ ಪಳಗಲು ಇಪ್ಪತ್ತು ವರ್ಷ ಬೇಕು. ಅವೆರಡೂ ಸೇರಿ ಆದ ವಸ್ತುವಿನ ಮುಂದೆ ನಿಂತು ಒಂದು ವಾರ ಯೋಚಿಸಿದರೆ ನಷ್ಟವೇನೂ ಇಲ್ಲ.